ಒಂಬತ್ತು ದಿನದ ನೀರು

ಬ್ಯಾಂಕಾಕ್
ಮಾರ್ಚ್ ೩

ಅಪ್ಪನಿಗೆ ಕುಂಗ್ ಮಾಡುವ ನಮಸ್ಕಾರಗಳು.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಪಂಪ್‌ಹೌಸಿನ ಎಂಜಿನ್ ನಿಮ್ಮ ಕಿವಿ ತಿಂದುಹಾಕಿದ ಮೇಲೆ ನಾನು ಏನೇ ಹೇಳಿದರೂ ಅದು ಮೊದಲು ಅಮ್ಮನಿಗೆ ಹೋಗಿ, ಅವಳ ನೂಡಲ್ ಅಂಗಡಿಯ ಗಿರಾಕಿಗಳನ್ನೆಲ್ಲ ಸುತ್ತಿ, ಕೊನೆಗೆ ನಿಮಗೆ ತಲುಪುತ್ತದೆ. ಹೋದ ಸಲ ನನಗಿದ್ದ ನೆಗಡಿ ನಿಮ್ಮ ಹತ್ತಿರ ಬರುವ ಹೊತ್ತಿಗೆ ನ್ಯುಮೋನಿಯಾ ಆಗಿತ್ತು. ಅದಕ್ಕೇ ಕಾಗದ.

ನಿನ್ನ ಕೆಲಸ ಏನು ಎಂದು ಹೊಸ ವರ್ಷಕ್ಕೆ ಬಂದಾಗ ಕೇಳಿದಿರಿ. "ಕಂಪ್ಯೂಟರ್" ಎಂದು ಹೇಳಿ ತಪ್ಪಿಸಿಕೊಂಡೆ. ಈಗ ಸರಿಯಾಗಿ ಹೇಳುತ್ತೇನೆ. ನಮ್ಮ ಯೋಮ್ ನದಿಯ ಹನ್ನೊಂದು ತೂಬುಗಳನ್ನು ಕಂಪ್ಯೂಟರಿನೊಳಗೆ ಕಟ್ಟಿದ್ದೇವೆ. ಒಂದೊಂದು ತೂಬಿಗೂ ಒಬ್ಬ ನೀರುಗಂಟಿ. ನಿಮ್ಮ ಹಾಗೆ ಬೆವರುವವನಲ್ಲ, ಬರೀ ಲೆಕ್ಕದ ನೀರುಗಂಟಿ. ಶುರುವಿನಲ್ಲಿ ಅವನಿಗೆ ಏನೂ ಗೊತ್ತಿರುವುದಿಲ್ಲ. ತೋಚಿದಾಗ ಬಾಗಿಲು ಎತ್ತುತ್ತಾನೆ, ತೋಚಿದಾಗ ಇಳಿಸುತ್ತಾನೆ. ನೆರೆ ಇಳಿದ ಮೇಲೆ ನಮ್ಮ ಥಾ ಸಾಕ್ ಪೇಟೆ ಮುಳುಗದೆ ಉಳಿದಿದ್ದರೆ ಹನ್ನೊಂದು ಜನಕ್ಕೂ ಸೇರಿಸಿ ಒಂದೇ ಶಹಬ್ಬಾಸ್. ಮುಳುಗಿದ್ದರೆ ಎಲ್ಲರಿಗೂ ಸೇರಿಸಿ ಒಂದೇ ಬೈಗುಳ. ಹೀಗೆ ಸಾವಿರಾರು ಮಳೆಗಾಲ ಆಡಿಸಿದರೆ ಅವರೇ ಕಲಿತುಕೊಳ್ಳುತ್ತಾರೆ.

ತೊಂದರೆ ಇರುವುದು ಆ ಶಹಬ್ಬಾಸ್‌ನಲ್ಲೇ. ಅದು ಬರುವುದು ತಡವಾಗಿ, ಬಂದರೂ ಎಲ್ಲರ ತಲೆಯ ಮೇಲೆ ಒಟ್ಟಿಗೆ ಬೀಳುತ್ತದೆ. ಯಾರು, ಯಾವತ್ತು ಮಾಡಿದ ಯಾವ ಕೆಲಸಕ್ಕೆ ಅದು ಬಂತು? ಅದನ್ನು ಹಂಚುವುದೇ ನನ್ನ ಓದು. ತಪ್ಪಾಗಿ ಹಂಚಿದರೆ ಕೆಲಸ ಮಾಡಿದವನು ಬೇಸತ್ತು ಮಾಡುವುದನ್ನೇ ಬಿಡುತ್ತಾನೆ, ಸುಮ್ಮನೆ ನಿಂತವನು ಬೀಗುತ್ತಾನೆ. ಮುಂದಿನ ವರ್ಷದಿಂದ ನಮ್ಮ ಈ ಲೆಕ್ಕ ನಿಜವಾದ ತೂಬುಗಳಿಗೂ ಸಲಹೆ ಕೊಡಲಿದೆ. ಅದಕ್ಕೆ ಮೊದಲು ಪರೀಕ್ಷೆ ಆಗಬೇಕು. ಪರೀಕ್ಷೆಗೆ ನಾನು ಆರಿಸಿಕೊಂಡಿರುವುದು ನಮ್ಮ ಆ ದೊಡ್ಡ ನೆರೆಯನ್ನು.

ಅವತ್ತು ನೀವು ಏನೇನು ಮಾಡಿದಿರಿ, ಬರೆದು ಕಳಿಸಿ. ಮೈಕಿನಲ್ಲಿ ಹೇಳುವ ಹಾಗಲ್ಲ, ಚಿಕ್ಕದಾಗಿ.

ನಿಮ್ಮ ಸೀಗಡಿಮರಿ,
ಕುಂಗ್


ನೋಂಗ್ ಬುವಾ ತೂಬು
ಮಾರ್ಚ್ ೧೫

ಮಗಳೇ ಕುಂಗ್,

ಶುರುವಿನಲ್ಲಿ ನೀರುಗಂಟಿಗೆ ಏನೂ ಗೊತ್ತಿರುವುದಿಲ್ಲ, ತೋಚಿದಾಗ ಎತ್ತುತ್ತಾನೆ ಇಳಿಸುತ್ತಾನೆ ಎಂದು ಬರೆದಿದ್ದೀಯ. ನಮ್ಮ ಇಲಾಖೆಯನ್ನು ಇಷ್ಟು ಸರಿಯಾಗಿ ಯಾರೂ ವರ್ಣಿಸಿರಲಿಲ್ಲ. ಆದರೆ ನಿನ್ನ ಅಪ್ಪ ಆ ಜಾತಿಯವನಲ್ಲ.

ಚಿಕ್ಕದಾಗಿ ಬರೆಯಿರಿ ಎಂದಿದ್ದೀಯ. ಅದು ಆಗದ ಮಾತು.

ಆ ವರ್ಷ ನೀನು ಆರನೇ ಕ್ಲಾಸು. ಮೇಲಿನ ಊರುಗಳೆಲ್ಲ ಮುಳುಗಿದ್ದನ್ನು ಟಿ.ವಿ.ಯಲ್ಲಿ ತೋರಿಸುತ್ತಿದ್ದರು. ನಮ್ಮ ತೂಬಿನೊಳಗೆ ನದಿ ನುಗ್ಗಿದರೆ ಕಾಲುವೆ ಹಿಡಿದು ನೇರ ಮಾರುಕಟ್ಟೆಗೇ ಹೋಗುತ್ತದೆ. ಬೆಳಿಗ್ಗೆ ಸಂತೆ ಕೂಡುವ ಹೊತ್ತಿಗೆ ನೀರಿನ ಬಣ್ಣ ಬದಲಾಯಿತು. ಮೇಲಿನಿಂದ ಆದೇಶ ಬರಲಿ ಎಂದು ನಾನು ಕಾಯಲಿಲ್ಲ. ಬಾಗಿಲು ಇಳಿಸಲು ಹೋದೆ. ಚಕ್ರ ತುಕ್ಕು ಹಿಡಿದು ಅಲ್ಲಾಡಲಿಲ್ಲ. ನಿನ್ನ ಅಮ್ಮ ಅಂಗಡಿಯಿಂದ ಹಂದಿಕೊಬ್ಬಿನ ಡಬ್ಬ ತಂದು ಪೂರ್ತಿ ಅದರ ಮೇಲೆ ಸುರಿದಳು, ಆಮೇಲೆ ತಿರುಗಿತು. ಅದರ ಶಹಬ್ಬಾಸ್ ತನಗೆ ಇನ್ನೂ ಬಂದಿಲ್ಲ ಎಂದು ಈಗಲೂ ದಿನಾ ನೆನಪಿಸುತ್ತಾಳೆ. ಇದನ್ನೂ ನಿನ್ನ ಕಂಪ್ಯೂಟರಿಗೆ ಹಾಕು.

ಮೂರು ದಿನ ನಾನು ಆ ತೂಬಿನ ಮೇಲಿಂದ ಇಳಿಯಲಿಲ್ಲ. ಪೇಟೆಯವರು ಮರಳಿನ ಚೀಲ ಹೊತ್ತು ತಂದರು, ನಾನು ಪೇರಿಸಿದೆ. ನೀರು ಏರಿ ಏರಿ, ತೂಬಿನ ತಲೆಗೆ ಒಂದು ಗೇಣು ಉಳಿದಿದೆ ಎನ್ನುವಾಗ ನಿಂತಿತು. ಹಾಗೆ ನಿಂತದ್ದನ್ನು ನಾನು ಕಣ್ಣಾರೆ ನೋಡಿದೆ. ಅವತ್ತಿನಿಂದ ಇವತ್ತಿನವರೆಗೆ, ಭಿಕ್ಷುಗಳ ಮಳೆಗಾಲದ ವರ್ಷಾವಾಸ ಮುಗಿದು ದೋಣಿ ಸ್ಪರ್ಧೆ ನಡೆಯುವ ದಿನ, ದೋಣಿಯ ಮೂತಿಗೆ ಕಟ್ಟುವ ಹೂಮಾಲೆಯ ಜೊತೆಗೇ ಇನ್ನೊಂದನ್ನು ತಂದು ನನ್ನ ತೂಬಿನ ಚಕ್ರಕ್ಕೂ ಕಟ್ಟುತ್ತಾರೆ. ಬೇರೆ ಯಾವ ನೀರುಗಂಟಿಗೆ ಈ ಭಾಗ್ಯ ಇದೆ, ನೀನೇ ಹೇಳು.

ಉಳಿದ ತೂಬುಗಳ ಬಗ್ಗೆಯೂ ನಿನಗೆ ಬೇಕಲ್ಲ. ಹೇಳುವಂಥದ್ದು ಒಂದೇ, ಬಾಂಗ್ ತಾನ್. ನದಿಯಲ್ಲಿ ನಮಗಿಂತ ಬಹಳ ಮೇಲೆ ಇದೆ. ಅಲ್ಲಿ ಆಗ ಉದೊಮ್ ಇದ್ದ. ನಿನ್ನ ಉದೊಮ್ ಮಾಮ, ನೆನಪಿದೆಯಾ? ನಾವಿಬ್ಬರೂ ಒಟ್ಟಿಗೆ ಕೆಲಸಕ್ಕೆ ಸೇರಿದವರು, ಒಂದೇ ದೋಣಿಯಲ್ಲಿ ಹುಟ್ಟು ಹಾಕಿದವರು. ಅವನು ನನ್ನ ಹಿಂದಿನ ಹಲಗೆಪಟ್ಟಿಯಲ್ಲಿ ಕೂರುತ್ತಿದ್ದ, ಪ್ರತಿ ಏಟಿಗೂ ನನ್ನ ಬೆನ್ನಿಗೆ ನೀರು ಎರಚುತ್ತಿದ್ದ. ಬೈದರೆ "ನಿನ್ನ ಬೆನ್ನು ಅಷ್ಟು ಅಗಲ ಇದ್ರೆ ನಾನೇನು ಮಾಡ್ಲಿ" ಅನ್ನುತ್ತಿದ್ದ. ಆ ನೆರೆಯಲ್ಲಿ ಅವನ ಊರಿನ ಏರಿ ಒಸರತೊಡಗಿತು. ಏರಿ ಒಡೆದರೆ ಮನೆಗಳೇ ಹೋಗುತ್ತವೆ ಎಂದು ತೂಬಿನ ಬಾಗಿಲೆತ್ತಿ ನದಿಯನ್ನು ಗದ್ದೆಗೆ ಬಿಟ್ಟ. ತೆನೆ ತುಂಬಿದ ಬತ್ತ, ಊರಿನದಷ್ಟೂ ಹೋಯಿತು. ಏರಿ ಮಾತ್ರ ಒಡೆಯಲೇ ಇಲ್ಲ. ಒಡೆಯದ ಏರಿಗೆ ಹೆದರಿ ನಮ್ಮ ಅನ್ನ ಕಳೆದ ಎಂದು ಊರವರು ಅವನಿಗೆ ಮುಖ ಕೊಡಲಿಲ್ಲ. ಅವನು ಕೆಲಸ ಬಿಟ್ಟ, ದೋಣಿಗೆ ಬರುವುದನ್ನೂ ಬಿಟ್ಟ. ಈಗ ಅಲ್ಲಿರುವ ನೀರುಗಂಟಿ ಬಾಗಿಲು ಮುಟ್ಟುವುದೇ ಇಲ್ಲ. ಪಾಪ, ಒಳ್ಳೆಯವನು ಉದೊಮ್. ಧೈರ್ಯ ಸಾಲಲಿಲ್ಲ, ಅಷ್ಟೇ.

ಥಾ ಸಾಕ್ ಪೇಟೆಯನ್ನು ಉಳಿಸಿದ
ನಿನ್ನ ಅಪ್ಪ,
ಥವೀ


ಬ್ಯಾಂಕಾಕ್
ಏಪ್ರಿಲ್ ೨೦

ಅಪ್ಪಾ,

ಕೂತಿದ್ದೀರಾ? ಇಲ್ಲದಿದ್ದರೆ ಕೂತುಕೊಂಡು ಓದಿ.

ಲೆಕ್ಕ ಬಂದಿದೆ. ಉಪಾಯ ಏನೆಂದರೆ, ಹತ್ತು ನೀರುಗಂಟಿಗಳು ಅವತ್ತು ಮಾಡಿದ್ದನ್ನೇ ಮಾಡಲಿ ಎಂದು ಬಿಟ್ಟು, ಒಬ್ಬನನ್ನು ಮಾತ್ರ ಬದಲಾಯಿಸುವುದು. ಅವನು ತನ್ನ ಬಾಗಿಲನ್ನು ಬೇರೆ ರೀತಿ ಇಟ್ಟಿದ್ದರೆ ಏನಾಗುತ್ತಿತ್ತು? ಎಷ್ಟು ಕೆಡುತ್ತಿತ್ತೋ ಅಷ್ಟು ಅವನ ಪಾಲಿನ ಶಹಬ್ಬಾಸ್. ಹೀಗೆ ಒಬ್ಬೊಬ್ಬರನ್ನೂ ಬದಲಾಯಿಸಿ ನೋಡಿದೆ. ಬೇರೆ ಯಾರನ್ನು ಬದಲಾಯಿಸಿದರೂ ಪೇಟೆಗೆ ಏನೂ ಆಗಲಿಲ್ಲ. ನಿಮ್ಮ ಬಾಗಿಲನ್ನು ತೆರೆದಿಟ್ಟ ಕೂಡಲೇ ನೀರು ಒಳಗೆ ಬಂತು. ಶಹಬ್ಬಾಸ್ ಹೆಚ್ಚುಕಡಿಮೆ ಪೂರ್ತಿ ನೋಂಗ್ ಬುವಾಕ್ಕೆ.

ನಮ್ಮ ಅಜಾನ್ ವಿಲಾವನ್ ಇದ್ದಾರಲ್ಲ, ನನಗೆ ಪಾಠ ಹೇಳುವವರು, ಅವರು ಸುಲಭಕ್ಕೆ ನಗುವವರಲ್ಲ. ದೊಡ್ಡ ಪರದೆಯ ಮೇಲೆ ಇದನ್ನು ತೋರಿಸಿ, "ಈ ತೂಬಿನ ನೀರುಗಂಟಿ ಯಾರು ಗೊತ್ತಾ? ಈ ಹುಡುಗಿಯ ಅಪ್ಪ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಎದೆ ಉಬ್ಬಿ ಬಂತು ಅಪ್ಪಾ. ನಿಮ್ಮ ಕಥೆಯನ್ನು ನೂರು ಸಲ ಕೇಳಿ ಕಣ್ಣು ಮೇಲೆ ಮಾಡಿದವಳು ನಾನೇ. ಈಗ ನನ್ನ ಕೈಯಿಂದಲೇ ಅದು ನಿಜ ಎಂದು ಬಂತು.

ಉದೊಮ್ ಮಾಮನ ತೂಬಿಗೆ ಸೊನ್ನೆಗಿಂತಲೂ ಕೆಳಗೆ ಬಂದಿದೆ. ಗದ್ದೆ ಕಳೆದದ್ದಕ್ಕೆ ಬೈಗುಳ ಮಾತ್ರ, ಶಹಬ್ಬಾಸ್ ಏನೂ ಇಲ್ಲ. ಹನ್ನೊಂದರಲ್ಲಿ ಕೊನೆಯವರು. ಇದನ್ನು ಯಾರಿಗೂ ಹೇಳಬೇಡಿ.

ನಿಮ್ಮ ಸೀಗಡಿಮರಿ,
ಕುಂಗ್


ನೋಂಗ್ ಬುವಾ ತೂಬು
ಮೇ ೯

ಮಗಳೇ,

ನಿನ್ನ ಕಾಗದವನ್ನು, ಸ್ಪರ್ಧೆಯ ದೋಣಿ ಇಡುವ ನಮ್ಮ ದೋಣಿಮನೆಯಲ್ಲಿ ತಂಡದವರೆಲ್ಲರ ಎದುರು ಓದಿದೆ. ಯಾರಿಗೂ ಹೇಳಬೇಡಿ ಎಂದದ್ದು ಕಾಗದದ ಕೊನೆಯಲ್ಲಿತ್ತು. ಅಲ್ಲಿಗೆ ಬರುವ ಹೊತ್ತಿಗೆ ಓದಿ ಆಗಿತ್ತು. ಉದೊಮ್‌ನ ಸೊನ್ನೆಗೆ ಎಲ್ಲರೂ ನಕ್ಕರು. ಅದು ಬಾಂಗ್ ತಾನ್‌ಗೂ ತಲುಪಿದೆಯಂತೆ. ಇರಲಿ, ಅದೇನು ಹೊಸ ವಿಷಯವಲ್ಲವಲ್ಲ.

ಈಗ ನಿಜವಾದ ಸುದ್ದಿ. ಪುರಸಭೆಯ ಅಧ್ಯಕ್ಷರು ಮನೆಗೇ ಬಂದಿದ್ದರು. "ವಿಶ್ವವಿದ್ಯಾಲಯನೇ ಹೇಳಿದ್ಮೇಲೆ ಇನ್ನೇನು ಥವೀ, ತೂಬಿಗೆ ನಿನ್ನ ಹೆಸರೇ ಇಡ್ತೀವಿ" ಎಂದರು. ಈ ಸಲದ ದೋಣಿ ಹಬ್ಬದ ದಿನ ತೇಗದ ಹಲಗೆ, ಅದರ ಮೇಲೆ ಬಂಗಾರದ ಬಣ್ಣದಲ್ಲಿ ನನ್ನ ಹೆಸರು. ಮುಂದಿನ ವರ್ಷ ನಾನು ನಿವೃತ್ತನಾಗುತ್ತೇನೆ, ಹೆಸರು ಆಗುವುದಿಲ್ಲ. ನಿನ್ನ ಅಮ್ಮ ಏನಂದಳು ಗೊತ್ತಾ? "ಹಂದಿಕೊಬ್ಬಿನ ಡಬ್ಬಾನೂ ಒಂದು ಬಿಡಿಸಿ ಹಲಗೆ ಮೇಲೆ." ಹೊಟ್ಟೆಕಿಚ್ಚು.

ನೀನು ಬರಬೇಕು. ಮೈಕು ಹಿಡಿದು ಆ ಲೆಕ್ಕವನ್ನು ನಿನ್ನ ಬಾಯಿಂದಲೇ ಹೇಳಬೇಕು. ನೀರುಗಂಟಿಯ ಮಗಳು ನದಿಗೇ ಲೆಕ್ಕ ಕಲಿಸಿದಳು ಎಂದು ಊರು ನೋಡಲಿ. ನನ್ನ ಹೆಸರಿಗಿಂತ ನನಗೆ ಅದೇ ದೊಡ್ಡದು. ಸರಿ, ಹೆಸರೂ ದೊಡ್ಡದೇ.

ಹೆಸರು ಬರೆಸಿಕೊಳ್ಳಲಿರುವ
ನಿನ್ನ ಅಪ್ಪ,
ಥವೀ


ನೋಂಗ್ ಬುವಾ ತೂಬು
ಜುಲೈ ೧೨

ಕುಂಗ್,

ಎರಡು ಕಾಗದ ಹಾಕಿದೆ, ಉತ್ತರವಿಲ್ಲ. ಫೋನಿನಲ್ಲಿ ಅಮ್ಮನಿಗೆ "ಕೆಲಸ ಜಾಸ್ತಿ" ಎಂದಷ್ಟೇ ಹೇಳುತ್ತೀಯಂತೆ. ಹಲಗೆಗೆ ತೇಗ ಕೊಯ್ಸಿ ಆಯಿತು. ಅಕ್ಷರ ಯಾವ ಥರ ಇರಬೇಕು ಎಂದು ಬಡಗಿ ಕೇಳುತ್ತಿದ್ದಾನೆ. ನೀನು ಬರುವ ದಿನ ತಿಳಿಸು.

ಅಪ್ಪ


ಬ್ಯಾಂಕಾಕ್
ಜುಲೈ ೩೦

ಅಪ್ಪಾ,

ಈ ಕಾಗದವನ್ನು ದೋಣಿಮನೆಯಲ್ಲಿ ಓದಬೇಡಿ. ಒಬ್ಬರೇ ಇರುವಾಗ ಓದಿ.

ಮಳೆಗಾಲದ ಮೊದಲು ನಮ್ಮ ಲೆಕ್ಕದ ನೀರುಗಂಟಿಗಳಿಗೆ ದೊಡ್ಡ ದೊಡ್ಡ ನೆರೆಗಳನ್ನು ಕೊಟ್ಟು ಆಡಿಸಿದೆ. ಪ್ರತಿ ಸಲವೂ ಥಾ ಸಾಕ್ ಮುಳುಗಿತು. ನೋಂಗ್ ಬುವಾದವನು ಮುಚ್ಚಿದರೂ ಮುಳುಗಿತು, ತೆರೆದರೂ ಮುಳುಗಿತು. ಎಷ್ಟು ಕಲಿಸಿದರೂ ಅಷ್ಟೇ. ಯಾಕೆ ಎಂದು ವಾರಗಟ್ಟಲೆ ನನಗೆ ಹೊಳೆಯಲಿಲ್ಲ. ಆಮೇಲೆ ನೋಡಿದರೆ ಬಾಂಗ್ ತಾನ್‌ನ ನೀರುಗಂಟಿ ಬಾಗಿಲು ಎತ್ತುವುದನ್ನೇ ಬಿಟ್ಟಿದ್ದ. ಎತ್ತಿದಾಗಲೆಲ್ಲ ಅವನಿಗೆ ಗದ್ದೆಯ ಬೈಗುಳ ಮಾತ್ರ ಸಿಕ್ಕಿತ್ತು. ಬೈಗುಳ ಆಗಲೇ ಸಿಗುತ್ತದೆ, ಶಹಬ್ಬಾಸ್ ಯಾವತ್ತೂ ಸಿಗಲಿಲ್ಲ. ಅವನು ತಾನೆ ಇನ್ನೇನು ಕಲಿಯುತ್ತಾನೆ?

ತಪ್ಪು ನನ್ನದು. ಒಂದು ಕೆಲಸಕ್ಕೆ ಶಹಬ್ಬಾಸ್ ಕೊಡುವಾಗ ಎಷ್ಟು ಹಿಂದಿನ ದಿನಗಳವರೆಗೆ ತಿರುಗಿ ನೋಡಬೇಕು ಎಂದು ಲೆಕ್ಕಕ್ಕೆ ಮೊದಲೇ ಹೇಳಿರಬೇಕು. ನಾನು ಮೂರು ದಿನ ಎಂದು ಇಟ್ಟಿದ್ದೆ. ಹಿಂದೆ ಹೋದಷ್ಟೂ ಲೆಕ್ಕ ಗೋಜಲಾಗುತ್ತದೆ, ಕಂಪ್ಯೂಟರ್ ಹೆಚ್ಚು ಹೊತ್ತು ತಿನ್ನುತ್ತದೆ. ನಮ್ಮವರೆಲ್ಲ ಮೊದಲು ಚಿಕ್ಕದಾಗಿಯೇ ಇಡುವುದು, ನಾನೂ ಇಟ್ಟೆ. ನೆರೆಯ ನೀರು ಬಾಂಗ್ ತಾನ್‌ನಿಂದ ಬಯಲುಗಳನ್ನೆಲ್ಲ ಹಾದು ನಮ್ಮ ಪೇಟೆಗೆ ಬರಲು ಒಂಬತ್ತು ದಿನ ಬೇಕು. ನೀರುಗಂಟಿಯ ಮಗಳಾಗಿ ನನಗೆ ಅದು ಹೊಳೆಯಬೇಕಿತ್ತು. ಉದೊಮ್ ಮಾಮ ಬಾಗಿಲೆತ್ತಿದ್ದು ನೀವು ಮುಚ್ಚುವುದಕ್ಕೆ ಒಂಬತ್ತು ದಿನ ಮೊದಲು. ನನ್ನ ಲೆಕ್ಕ ಅಲ್ಲಿಯವರೆಗೆ ತಿರುಗಿ ನೋಡಲೇ ಇಲ್ಲ.

ಈಗ ನೋಡಿಸಿದ್ದೇನೆ. ಶಹಬ್ಬಾಸ್ ಹೆಚ್ಚುಕಡಿಮೆ ಪೂರ್ತಿ ಬಾಂಗ್ ತಾನ್‌ಗೆ ಹೋಯಿತು.

ಹೇಳದೆ ಇದ್ದರೆ ಹಲಗೆ ಏರುತ್ತದೆ, ಊರು ಸಂತೋಷಪಡುತ್ತದೆ, ನನ್ನ ಅಪ್ಪ ನಗುತ್ತಾರೆ. ಹೇಳದೆ ಹಾಗೇ ಇದ್ದುಬಿಡೋಣ ಎಂದು ಒಂದು ತಿಂಗಳಿಡೀ ಅಂದುಕೊಳ್ಳುತ್ತಿದ್ದೆ. ಆದರೆ ಈ ಲೆಕ್ಕವನ್ನೇ ಮುಂದಿನ ವರ್ಷ ನಿಜವಾದ ತೂಬುಗಳಿಗೆ ಕೂರಿಸುತ್ತಾರೆ. ತಪ್ಪನ್ನು ಹಾಗೇ ಬಿಟ್ಟರೆ ಅದು ಬಾಂಗ್ ತಾನ್ ಬಾಗಿಲನ್ನು ಎಂದೂ ಎತ್ತಬೇಡಿ ಎನ್ನುತ್ತದೆ. ಮತ್ತೆ ಅಂಥ ನೆರೆ ಬಂದರೆ ಥಾ ಸಾಕ್ ಉಳಿಯುವುದಿಲ್ಲ. ಅಜಾನ್‌ಗೆ ನಿನ್ನೆ ಹೇಳಿದೆ. ನಿಮಗೆ ಇವತ್ತು.

ಕುಂಗ್


ಥಾ ಸಾಕ್
ಆಗಸ್ಟ್ ೧೪

ಕುಂಗ್,

ನಾನು ಅಮ್ಮ. ನನಗೆ ಬರೆದು ಅಭ್ಯಾಸ ಇಲ್ಲ, ತಪ್ಪಿದ್ದರೆ ನಗಬೇಡ. ಏನು ಬರೆದೆ ನಿನ್ನ ಅಪ್ಪನಿಗೆ? ಕಾಗದವನ್ನು ಅಂಗಿಯ ಜೇಬಿನಲ್ಲಿಟ್ಟು ಓಡಾಡುತ್ತಾರೆ. ಒಗೆಯಲು ಕೇಳಿದರೆ ಅಂಗಿಯನ್ನೇ ಕೊಡುವುದಿಲ್ಲ. ಸುಟ್ಟ ಮೀನು ಮಾಡಿದರೂ ಎರಡು ತುತ್ತು ತಿಂದು ಏಳುತ್ತಾರೆ. ದೋಣಿಮನೆಗೆ ಹೋಗಿಲ್ಲ. ತೂಬಿನ ಪಕ್ಕದ ಗುಡಿಯ ದೇವತೆಗೆ ಕೆಂಪು ಸೋಡಾ ಇಟ್ಟು ಅದರ ಮುಂದೆಯೇ ಕೂತಿರುತ್ತಾರೆ. "ಏನ್ರೀ ಆಯ್ತು" ಅಂದರೆ "ನಿನ್ನ ಮಗಳು ಬಹಳ ಓದಿಬಿಟ್ಟಳು" ಅಂತಾರೆ. ಇದು ಹೊಗಳಿಕೆಯೋ ಬೈಗುಳವೋ ನನಗೆ ಗೊತ್ತಾಗಲಿಲ್ಲ.

ಅಮ್ಮ


ನೋಂಗ್ ಬುವಾ ತೂಬು
ಆಗಸ್ಟ್ ೨೨

ಕುಂಗ್,

ಮೂರು ದಿನ ನಾನು ಆ ತೂಬಿನ ಮೇಲೆ ನಿಂತಿದ್ದೆ. ಉದೊಮ್ ಎಲ್ಲೋ ಮೇಲೆ ಗದ್ದೆಗೆ ನೀರು ಬಿಟ್ಟು ಮನೆಯಲ್ಲಿದ್ದ. ಇನ್ನೊಮ್ಮೆ ಲೆಕ್ಕ ಹಾಕು. ಸರಿಯಾಗಿ ಹಾಕು. ನಾನು ಬಾಗಿಲು ಮುಚ್ಚದಿದ್ದರೆ ಏನಾಗುತ್ತಿತ್ತು, ಅವನು ಎತ್ತದಿದ್ದರೆ ಏನಾಗುತ್ತಿತ್ತು, ಎರಡನ್ನೂ ಬೇರೆ ಬೇರೆ ಬರೆ.

ಅಪ್ಪ


ಬ್ಯಾಂಕಾಕ್
ಆಗಸ್ಟ್ ೩೦

ಅಪ್ಪಾ,

ಮತ್ತೆ ಮತ್ತೆ ಹಾಕಿದೆ. ಅಜಾನ್ ಕೂತು ತಾವೇ ಬೇರೆಯಾಗಿ ಹಾಕಿದರು. ಉತ್ತರ ಒಂದೇ.

ನೀವು ಮುಚ್ಚದಿದ್ದರೆ ಕೆಳಗಿನ ಬೀದಿಯಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತಿತ್ತು. ಅದನ್ನು ತಡೆದದ್ದು ನೀವೇ, ಬೇರೆ ಯಾರೂ ಅಲ್ಲ. ಆ ಪಾಲನ್ನು ನಿಮ್ಮಿಂದ ಯಾರೂ ಕಿತ್ತುಕೊಳ್ಳಲಾರರು.

ಉದೊಮ್ ಮಾಮ ಎತ್ತದಿದ್ದರೆ, ನೀವು ನಿಂತಿದ್ದ ಜಾಗದ ಮೇಲೆ ಎರಡಾಳು ನೀರು ಹರಿಯುತ್ತಿತ್ತು. ಅದು ಮೊದಲ ದಿನವೇ ಬರುತ್ತಿತ್ತು. ನೀವು ಆ ತೂಬಿನಿಂದ ಇಳಿಯುವವರಲ್ಲ, ನನಗೆ ಗೊತ್ತು. ಅಪ್ಪಾ, ಆರನೇ ಕ್ಲಾಸಿನ ಹುಡುಗಿಗೆ ಅವತ್ತು ಅಪ್ಪ ಉಳಿದದ್ದು ಉದೊಮ್ ಮಾಮನಿಂದ. ಇದನ್ನು ನೋಡಿದಾಗ ನಾನು ಲ್ಯಾಬಿನಲ್ಲೇ ಕೂತು ಅತ್ತೆ. ಅವರಿಗೆ ನಾವು ಸೊನ್ನೆಗಿಂತ ಕೆಳಗೆ ಎಂದೆವು.

ಹಬ್ಬಕ್ಕೆ ಬರುತ್ತೇನೆ. ಹೇಳಬೇಕಾದ್ದನ್ನು ನಾನೇ ಹೇಳುತ್ತೇನೆ. ನಿಮ್ಮ ಹೆಸರು ಹೋದರೆ ನನ್ನಿಂದ ಹೋಗಲಿ.

ನಿಮ್ಮ ಸೀಗಡಿಮರಿ,
ಕುಂಗ್


ಥಾ ಸಾಕ್
ಅಕ್ಟೋಬರ್ ೨೧

ಮಗಳೇ ಕುಂಗ್,

ಹಬ್ಬಕ್ಕೆ ಬರಬೇಡ ಎಂದು ಅಮ್ಮನ ಕೈಲಿ ಹೇಳಿಸಿದ್ದು ಸಿಟ್ಟಿನಿಂದಲ್ಲ. ನೀನು ಎದುರಿಗೆ ನಿಂತಿದ್ದರೆ ನನ್ನ ಬಾಯಿಂದ ಮಾತು ಹೊರಡುತ್ತಿರಲಿಲ್ಲ. ನೀನೇ ಹೇಳಿದ್ದರೆ ಊರವರು ಅಪ್ಪನ ಹೆಸರು ಕಳೆದ ಮಗಳು ಎನ್ನುತ್ತಿದ್ದರು. ಅದನ್ನು ನಾನು ತಡೆದುಕೊಳ್ಳುತ್ತಿರಲಿಲ್ಲ.

ತೂಬಿನ ಹತ್ತಿರ ಶಾಮಿಯಾನ ಹಾಕಿದ್ದರು. ಹಲಗೆಗೆ ಹಳದಿ ಬಟ್ಟೆ ಹೊದಿಸಿದ್ದರು. ಭಿಕ್ಷುಗಳು ಮಂತ್ರದ ನೀರು ಚಿಮುಕಿಸಿ ಆದ ಮೇಲೆ ಅಧ್ಯಕ್ಷರು ಮಾತಾಡಲು ಎದ್ದರು. ನಾನು ಮೈಕು ಕೇಳಿದೆ. ಥವೀ ಮೈಕು ಕೇಳುವುದು ಯಾರಿಗೂ ಹೊಸದಲ್ಲವಾದ್ದರಿಂದ ಕೊಟ್ಟರು.

"ಈ ಪೇಟೆ ಉಳಿದಿದ್ದು ನನ್ನಿಂದ ಅಂತ ಇಷ್ಟು ವರ್ಷ ನಾನೂ ನಂಬಿದ್ದೆ, ನಿಮ್ಮನ್ನೂ ನಂಬಿಸಿದ್ದೆ" ಎಂದೆ. "ನನ್ನ ಮಗಳು ಲೆಕ್ಕ ಹಾಕಿದಾಳೆ. ಮೊದಲು ಹಾಕಿದ್ದು ತಪ್ಪಾಗಿತ್ತು, ಅವಳೇ ಕಂಡುಹಿಡಿದು ಅವಳೇ ಹೇಳಿದಳು. ನಾನು ತಡೆದಿದ್ದು ಕೆಳಗಿನ ಬೀದೀಲಿ ಮೊಣಕಾಲುದ್ದ ನೀರು. ಮಿಕ್ಕಿದ್ದೆಲ್ಲ ತಡೆದೋನು ಬಾಂಗ್ ತಾನ್‌ನ ಉದೊಮ್. ಅವನು ತನ್ನೂರಿನ ಬತ್ತ ಕೊಟ್ಟ, ನಮ್ಮೂರು ಉಳೀತು."

ಆಮೇಲೆ ಹಿಂದಿನಿಂದ ಯಾರೋ, "ಥವೀಗೆ ಬಿಸಿಲು ಹತ್ತಿದೆ, ನೀರು ಕೊಡ್ರೋ" ಎಂದು ಕೂಗಿದರು. ಅಧ್ಯಕ್ಷರು ನನ್ನ ಕಿವಿಯ ಹತ್ತಿರ ಬಂದು, "ಹಲಗೆ ಬರೆಸಿ ಆಗಿದೆಯಲ್ಲ ಮಾರಾಯ, ಈಗೇನು ಮಾಡೋಣ?" ಎಂದರು. ಕಿವುಡನ ಕಿವಿಯಲ್ಲಿ ಗುಟ್ಟು ಹೇಳಬೇಕಾದರೆ ಕೂಗಬೇಕು, ಅದು ಇಡೀ ಶಾಮಿಯಾನಕ್ಕೆ ಕೇಳಿತು. ನಿನ್ನ ಅಮ್ಮ ಕೂತಲ್ಲಿಂದಲೇ, "ತಿರುಗಿಸಿ ನನಗೆ ಕೊಡಿ, ನೂಡಲ್ ರೇಟು ಬರೆಸ್ತೀನಿ" ಎಂದಳು. ಜನ ನಕ್ಕರು.

ಆಗ ಕೆಳಗಿನ ಬೀದಿಯ ಅಕ್ಕಿ ಅಂಗಡಿಯ ಮುದುಕಿ ಪ್ರಾನೀ ಎದ್ದು ನಿಂತಳು. "ಮೊಣಕಾಲುದ್ದ ಅಂದ್ರೆ ನನ್ನ ಮೂಟೆಗಳೆಲ್ಲ ಹೋಗ್ತಿದ್ವು ಥವೀ. ಅಷ್ಟಕ್ಕೆ ನನ್ನ ನಮಸ್ಕಾರ ಇರಲಿ" ಎಂದು ಕೈ ಮುಗಿದಳು. ಮಗಳೇ, ಇಷ್ಟು ವರ್ಷ ಕಟ್ಟಿದ ಹೂಮಾಲೆಗಳನ್ನೆಲ್ಲ ಸೇರಿಸಿದರೂ ನನಗೆ ಆ ಒಂದು ನಮಸ್ಕಾರದಷ್ಟು ಆಗುವುದಿಲ್ಲ. ಅದು ನನ್ನದೇ, ಲೆಕ್ಕ ಹಾಕಿ ಕೊಟ್ಟದ್ದು.

ಚಕ್ರಕ್ಕೆ ಕಟ್ಟಿದ್ದ ಮಾಲೆಯನ್ನು ಬಿಚ್ಚಿದೆ. ಬಿಸಿಲಿಗೆ ಬಾಡಬಾರದೆಂದು ಅಮ್ಮನ ಮೀನಿನ ಐಸ್ ಪೆಟ್ಟಿಗೆಯಲ್ಲಿಟ್ಟು, ದೋಣಿಯವರನ್ನೆಲ್ಲ ಪಿಕಪ್ಪಿಗೆ ಹತ್ತಿಸಿಕೊಂಡು ಬಾಂಗ್ ತಾನ್‌ಗೆ ಹೊರಟೆ. ಡೋಲನ್ನೂ ಒಯ್ದೆವು, ಆದರೆ ದಾರಿಯಲ್ಲಿ ಯಾರಿಗೂ ಅದನ್ನು ಬಾರಿಸುವ ಧೈರ್ಯ ಬರಲಿಲ್ಲ.

ಉದೊಮ್ ಬಾತುಕೋಳಿ ಸಾಕಿದ್ದಾನೆ. ತಲೆ ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ನೋಡಿ ತವುಡು ಎರಚುವುದನ್ನು ನಿಲ್ಲಿಸಲಿಲ್ಲ.

"ಏನಪ್ಪಾ ಪೇಟೆ ಉಳಿಸಿದವನೇ, ಸೊನ್ನೆ ನೋಡೋಕೆ ಬಂದ್ಯಾ?"

"ಬಾತುಕೋಳಿ ಕೊಳ್ಳೋಕೆ ಬಂದೆ."

"ನಿನಗೆ ಮಾರಲ್ಲ."

ನಾನು ನಿನ್ನ ಎರಡೂ ಕಾಗದ ತೆಗೆದೆ. ಅಷ್ಟರಲ್ಲಿ ಪಿಕಪ್ ನೋಡಿ ಊರವರೂ ಸೇರಿದ್ದರು. ಎಲ್ಲರಿಗೂ ಕೇಳುವ ಹಾಗೆ ಓದಿದೆ. ಒಂಬತ್ತು ದಿನ ಎಂದದ್ದು, ಬೈಗುಳ ಆಗಲೇ ಸಿಗುತ್ತದೆ ಎಂದದ್ದು, ಎರಡಾಳು ನೀರು ಎಂದದ್ದು. ಉದೊಮ್ ಬಕೆಟ್ಟು ಕೆಳಗಿಟ್ಟ. "ಆ ಎರಡಾಳಿನದು ಇನ್ನೊಂದು ಸಲ ಓದು" ಎಂದ. ಓದಿದೆ.

"ಹಂಗಾದ್ರೆ ನೀನು ಬದುಕಿರೋದು ನನ್ನ ತಪ್ಪು" ಎಂದ.

"ನಿನ್ನದೇ" ಎಂದೆ.

ಅವನು ನಗಲು ಹೋಗಿ ಅತ್ತುಬಿಟ್ಟ. ಬಾತುಕೋಳಿಗಳ ಕಡೆ ತಿರುಗಿ ನಿಂತು ಅತ್ತ. ಅವನಿಗೂ ಗೊತ್ತಿರಲಿಲ್ಲ ಮಗಳೇ. ಊರವರು ಬೈದದ್ದೇ ಸರಿ, ತಾನು ಸುಮ್ಮನೆ ಹೆದರಿ ಊರಿನ ಅನ್ನ ಕಳೆದೆ ಎಂದು ಅವನೂ ಇಷ್ಟು ವರ್ಷ ನಂಬಿಕೊಂಡಿದ್ದ. ನನಗೂ ನಿಲ್ಲಲಾಗಲಿಲ್ಲ. ಹೋಗಿ ಅವನ ಹೆಗಲು ಹಿಡಿದೆ.

ಮಾಲೆ ಕೊಡಲು ಹೋದರೆ ಅವನು ತೆಗೆದುಕೊಳ್ಳಲಿಲ್ಲ. ಕಣ್ಣೊರೆಸಿಕೊಂಡು, "ನಿನ್ನ ಮಗಳು ತೂಬಿಗೆಲ್ಲ ಹಂಚಿದಾಳೆ ಸರಿ. ಇವರ ಗದ್ದೆಗೆ ಎಷ್ಟು ಹಾಕಿದಾಳೆ?" ಎಂದು ಕೇಳಿದ. ನೀರು ಕುಡಿದು ನಮ್ಮನ್ನು ಉಳಿಸಿದ್ದು ಗದ್ದೆ, ಬಾಗಿಲು ಎತ್ತಿದ್ದಷ್ಟೇ ಅವನು. ಆ ಮಾಲೆಯನ್ನು ಅಲ್ಲೇ ಬಿಡಿಸಿ, ಅವತ್ತು ಬತ್ತ ಕಳೆದುಕೊಂಡ ಮನೆಮನೆಗೂ ಒಂದೊಂದು ತುಂಡು ಚೆಂಡುಹೂವು ಹಂಚಿದೆವು. ಹೂವಿಗೆ ಮೀನಿನ ವಾಸನೆ ಹತ್ತಿತ್ತು, ಯಾರೂ ಬೇಡ ಎನ್ನಲಿಲ್ಲ. ಅವನಿಗೆ ಎಲ್ಲರಿಗಿಂತ ಮೊದಲು ಶಾಪ ಹಾಕಿದ್ದ ಹೆಂಗಸು ತನ್ನ ಪಾಲಿನ ತುಂಡನ್ನು ಅವನ ಕೊರಳಿಗೇ ಕಟ್ಟಿ ಹೋದಳು. ಮುಂದಿನ ವರ್ಷ ಬೇಗ ಬಿತ್ತಿ ಬೇಗ ಕೊಯ್ದು, ನೆರೆ ಬಂದರೆ ಗದ್ದೆಯನ್ನು ನದಿಗೆ ಬಿಟ್ಟುಕೊಡುತ್ತೇವೆ ಎಂದು ಅವರೇ ಹೇಳಿದರು. ಬಾಗಿಲು ಯಾವಾಗ ಎತ್ತಬೇಕೆಂದು ನಿನ್ನ ಲೆಕ್ಕ ಹೇಳಲಿ. ಗದ್ದೆಗಳನ್ನೂ ಅದಕ್ಕೆ ಸೇರಿಸು. ಇದು ನಿನ್ನ ಉದೊಮ್ ಮಾಮನ ಆಜ್ಞೆ.

ಹಲಗೆ ಈಗ ನಿಜವಾಗಿಯೂ ಅಂಗಡಿಯಲ್ಲಿದೆ. ಊರಲ್ಲಿ ನನ್ನನ್ನು ಪೇಟೆ ಉಳಿಸಿದ ಥವೀ ಎಂದು ಯಾರೂ ಕರೆಯುವುದಿಲ್ಲ. ಮೊನ್ನೆ ಸಂತೆಯಲ್ಲಿ ಪ್ರಾನೀ ಯಾರಿಗೋ ನನ್ನನ್ನು ತೋರಿಸಿ, "ಲೆಕ್ಕ ತಪ್ಪಾಯ್ತು ಅಂತ ತಾನೇ ಹೇಳಿದ್ಳಲ್ಲ ಕುಂಗ್, ಅವಳ ಅಪ್ಪ" ಎಂದಳು. ನಾನು ಕೇಳಿಸದವನ ಹಾಗೆ ನಿಂತು ಇನ್ನೊಂದು ಸಲ ಹೇಳಿಸಿಕೊಂಡೆ.

ಹಬ್ಬದ ಮಾರನೆಯ ದಿನ ಮುದುಕರ ದೋಣಿ ಸ್ಪರ್ಧೆ ಇತ್ತು. ಸೋತೆವು. ಯಾರಿಂದ ಸೋತೆವು ಎಂದು ದಯವಿಟ್ಟು ಲೆಕ್ಕ ಹಾಕಬೇಡ. ದಡಕ್ಕೆ ಬಂದಾಗ ನಿನ್ನ ಅಮ್ಮ ನನ್ನ ಅಂಗಿ ಮುಟ್ಟಿ ನೋಡಿ, "ಎಲ್ಲರದ್ದೂ ಒಣಗಿದೆ, ನಿಮ್ಮ ಬೆನ್ನು ಯಾಕ್ರೀ ಹಿಂಗೆ ತೊಯ್ದುಹೋಗಿದೆ?" ಎಂದು ಕೇಳಿದಳು. ಉದೊಮ್ ನನ್ನ ಹಿಂದಿನ ಪಟ್ಟಿಯಲ್ಲಿ ಕೂತಿದ್ದ.

ಕುಂಗ್‌ನ ಅಪ್ಪ,
ಥವೀ